ಫೀಸು ಕಟ್ಟಿದ್ದೇವೆ, ಮಗು ಮಾತ್ರ ಶಾಲೆಗೆ ಬರುತ್ತಿಲ್ಲ. ಮನೆಯವರಿಗೆ ನೆರವಾಗುವುದು ಹೇಗೆ?

ಮುಂಜಾವು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯ ಜೊತೆ ಕೆಲಸ ಮಾಡುವ ಸಣ್ಣ ಟ್ರಸ್ಟಿನಲ್ಲಿದ್ದೇನೆ. ಸಂಬಳದ ಕೆಲಸವಲ್ಲ. ನಾವು ಏಳೆಂಟು ಜನ, ಬಿಡುವಾದಾಗ ಸೇರುತ್ತೇವೆ. ಇಷ್ಟು ವರ್ಷ ನಾವು ಮಾಡಿದ್ದೆಲ್ಲ ಫೀಸು, ಪುಸ್ತಕ, ಬ್ಯಾಗು, ಯೂನಿಫಾರ್ಮು. ಅದು ಕೊಟ್ಟರೆ ಮಗು ಓದುತ್ತದೆ ಎಂದು ನಂಬಿದ್ದೆವು.

ಈ ವರ್ಷ ಆರನೇ ತರಗತಿಯ ಒಬ್ಬ ಹುಡುಗಿ ನಾಲ್ಕು ವಾರದಿಂದ ಬರಲಿಲ್ಲ. ಚೆನ್ನಾಗಿ ಓದುವ ಮಗು. ಫೋನ್ ಮಾಡಿದರೆ ಸ್ವಿಚ್ ಆಫ್. ಕೊನೆಗೆ ನಾನೇ ಮನೆ ಹುಡುಕಿಕೊಂಡು ಹೋದೆ. ಅಮ್ಮ ಹಾಸಿಗೆ ಹಿಡಿದಿದ್ದರು, ಅಪ್ಪ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದರು, ಮೂರು ತಿಂಗಳ ಬಾಡಿಗೆ ಬಾಕಿ, ಒಂದೂವರೆ ವರ್ಷದ ತಮ್ಮನನ್ನು ಈ ಹುಡುಗಿಯೇ ಎತ್ತಿಕೊಂಡು ಓಡಾಡುತ್ತಿದ್ದಳು. ನಾವು ಕೊಟ್ಟ ಬ್ಯಾಗು ಗೋಡೆಯ ಮೊಳೆಗೆ ನೇತುಹಾಕಿತ್ತು. ನನ್ನನ್ನು ನೋಡಿದ ಕೂಡಲೇ ಅಮ್ಮ ಎದ್ದು ಕುಳಿತು, ಅದನ್ನು ಇಳಿಸಿ ನನ್ನ ಮುಂದೆ ಇಟ್ಟರು. "ಏನೂ ಹಾಳಾಗಿಲ್ಲ ನೋಡಿ, ಹೊಸದರ ಹಾಗೇ ಇದೆ" ಎಂದರು. ವಾಪಸ್ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದುಕೊಂಡಿದ್ದರು.

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಟ್ರಸ್ಟಿನ ಸಭೆಯಲ್ಲಿ ವಿಷಯ ಇಟ್ಟೆ. ಒಬ್ಬರು, ನಮ್ಮ ಕೆಲಸ ಶಾಲೆಯ ಗೇಟಿನವರೆಗೆ ಮಾತ್ರ ಎಂದರು. ಇನ್ನೊಬ್ಬರು ಆ ಮನೆಗೆ ನೇರವಾಗಿ ದುಡ್ಡು ಕೊಟ್ಟುಬಿಡೋಣ ಎಂದರು. ಮೂರನೆಯವರಿಗೆ ಭಯ: ಒಂದು ಮನೆಗೆ ಕೊಟ್ಟರೆ ನಾಳೆ ನಲವತ್ತು ಮನೆ ಬರುತ್ತವೆ, ಆಗ ಯಾರಿಗೆ ಇಲ್ಲ ಎನ್ನುವುದು? ಮೂವರ ಮಾತಿನಲ್ಲೂ ಅರ್ಥವಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ತರಗತಿಯ ಆಚೆ ಮನೆಯವರಿಗೆ ನೆರವಾಗುವುದನ್ನು ಎಲ್ಲಿಂದ ಶುರು ಮಾಡಬೇಕು? ದುಡ್ಡು ಕೊಡಬೇಕೋ, ಸಾಮಾನು ಕೊಡಬೇಕೋ? ಯಾರಿಗೂ ತಲೆ ತಗ್ಗಿಸುವ ಹಾಗಾಗದಂತೆ ಮಾಡುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

---

ಹಳೆಯ ಮೇಷ್ಟ್ರು:

ನಾನು 26 ವರ್ಷ ಪಾಠ ಮಾಡಿದವನು, ಈಗ ನಿವೃತ್ತ. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ, ಅದೇ ನನಗೆ ಗೊತ್ತಿರುವುದು. ಹಾಜರಿ ಪುಸ್ತಕದಿಂದ ಶುರು ಮಾಡಿ.

ಎಷ್ಟು ದಿನ ಬಂದಿಲ್ಲ ಎನ್ನುವ ಲೆಕ್ಕ ಎಲ್ಲರೂ ನೋಡುತ್ತಾರೆ. ಯಾವ ದಿನ ಬಂದಿಲ್ಲ ಎಂದು ನೋಡುವವರು ಕಡಿಮೆ. ಪ್ರತಿ ವಾರ ಒಂದೇ ದಿನ ತಪ್ಪಿಸುವ ಮಗುವಿನ ಮನೆಯಲ್ಲಿ ಆ ದಿನ ಏನೋ ನಡೆಯುತ್ತಿರುತ್ತದೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಇರಬಹುದು, ಅಮ್ಮನಿಗೆ ದಿನಗೂಲಿ ಸಿಗುವ ದಿನ ಇರಬಹುದು. ತಿಂಗಳ ಕೊನೆಯಲ್ಲಿ ತಪ್ಪಿಸುವ ಮಗುವಿನ ಮನೆಯಲ್ಲಿ ಕೈ ಖಾಲಿಯಾಗಿರುತ್ತದೆ. ದಿನಾ ಬರುತ್ತದೆ, ದಿನಾ ತಡವಾಗಿ ಬರುತ್ತದೆ ಎಂದರೆ ಬೆಳಗಿನ ಹೊತ್ತು ಆ ಮಗುವಿನ ಮೇಲೆ ಮನೆಗೆಲಸ ಬಿದ್ದಿದೆ ಎಂದೇ ಹಿಡಿಯಿರಿ. ನಾಲ್ಕು ವಾರ ಕಳೆದ ಮೇಲೆ ಹೋದಿರಿ ಎಂದಿರಿ. ತಪ್ಪು ಹುಡುಕುತ್ತಿಲ್ಲ, ನಾನು ಇದಕ್ಕಿಂತ ತಡ ಮಾಡಿದ್ದೇನೆ. ಆದರೆ ಮೂರನೇ ದಿನಕ್ಕೇ ಒಂದು ಫೋನ್ ಹೋದರೆ, "ಯಾಕೆ ಕಳಿಸಿಲ್ಲ" ಎನ್ನದೆ "ಮಗು ಬಂದಿಲ್ಲ, ಎಲ್ಲ ಚೆನ್ನಾಗಿದೆಯಾ" ಎಂದು ಕೇಳಿದರೆ, ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಒಂದು ನೆನಪು ಹೇಳಿಬಿಡುತ್ತೇನೆ. ಒಬ್ಬ ಹುಡುಗ ಬೋರ್ಡ್ ಮೇಲಿದ್ದುದನ್ನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಇಡೀ ವರ್ಷ ಅವನಿಗೆ ಗಮನವಿಲ್ಲ ಎಂದು ಬೈದೆ. ಅವನ ಮನೆಯವರೂ ಬೈದರು. ಮರುವರ್ಷ ಕಣ್ಣಿನ ತಪಾಸಣೆ ಮಾಡಿದಾಗ ಗೊತ್ತಾಯಿತು, ಎರಡನೇ ಬೆಂಚಿನಿಂದಲೇ ಅವನಿಗೆ ಅಕ್ಷರ ಕಾಣುತ್ತಿರಲಿಲ್ಲ. ಒಂದು ಕನ್ನಡಕದ ವಿಷಯ ಅದು. ಚೀನಾದ ಹಳ್ಳಿಗಾಡಿನ ಶಾಲೆಗಳಲ್ಲಿ ಇದನ್ನೇ ದೊಡ್ಡದಾಗಿ ಪರೀಕ್ಷಿಸಿ ನೋಡಿದ್ದಾರೆ, 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದೃಷ್ಟಿ ಕಡಿಮೆ ಇದ್ದ ಮಕ್ಕಳಿಗೆ ಪುಕ್ಕಟೆ ಕನ್ನಡಕ ಕೊಟ್ಟಾಗ ಅವರ ಗಣಿತದ ಅಂಕ ಏರಿತ್ತು. ಅದನ್ನು ಓದಿದ ದಿನ ನನಗೆ ಆ ಹುಡುಗನ ಮುಖವೇ ಕಣ್ಣಮುಂದೆ ಬಂತು. ಮಗುವಿನ ತಪ್ಪು ಎಂದು ನಾವು ಬರೆದಿಡುವುದರಲ್ಲಿ ಎಷ್ಟೋ ಮಗುವಿನದ್ದೇ ಅಲ್ಲ.

ಇನ್ನೊಂದು. ಇದನ್ನೆಲ್ಲ ತರಗತಿಯ ಟೀಚರ್ ಮೇಲೆ ಹೊರಿಸಬೇಡಿ. ಟೀಚರ್ ಗಮನಿಸಲಿ, ಹೇಳಲಿ. ಮನೆಗೆ ಹೋಗುವುದು, ಫೋನ್ ಮಾಡುವುದು, ಮತ್ತೆ ಮತ್ತೆ ವಿಚಾರಿಸುವುದು ಇದಕ್ಕೆಲ್ಲ ನಿಮ್ಮ ಟ್ರಸ್ಟಿನಿಂದ ಒಬ್ಬರನ್ನು ಗೊತ್ತು ಮಾಡಿ. ದಿನಕ್ಕೊಬ್ಬರು ಬೇಡ. ಆ ಮನೆಗೆ ಒಂದೇ ಮುಖ ಹೋಗಬೇಕು.

---

ಲೆಕ್ಕದ ಪುಸ್ತಕ:

ನಾನು ಇಂಥದ್ದೇ ಒಂದು ಟ್ರಸ್ಟಿನ ಲೆಕ್ಕ ನೋಡಿಕೊಳ್ಳುತ್ತೇನೆ. ದುಡ್ಡೋ ಸಾಮಾನೋ ಎಂಬ ಪ್ರಶ್ನೆಗೆ ನಮ್ಮ ಅನುಭವ ಹೇಳುತ್ತೇನೆ.

ನಾವು ಮೊದಲ ಮೂರು ವರ್ಷ ಸಾಮಾನು ಮಾತ್ರ ಕೊಟ್ಟೆವು. ದುಡ್ಡು ಕೊಟ್ಟರೆ ಬೇರೆ ಯಾವುದಕ್ಕೋ ಖರ್ಚಾಗುತ್ತದೆ ಎಂಬ ಹೆದರಿಕೆ. ಎಲ್ಲ ಮನೆಗೂ ಒಂದೇ ಥರದ ದಿನಸಿ ಚೀಲ, ಒಂದೇ ಥರದ ಕಂಬಳಿ. ಒಂದು ಮನೆಯಲ್ಲಿ ಕಂಬಳಿ ಬೇಕಾದಷ್ಟಿತ್ತು, ಕರೆಂಟ್ ಬಿಲ್ ಕಟ್ಟಿರಲಿಲ್ಲ. ಮಗು ಸಂಜೆ ಓದಲು ಆಗದೆ ಕುಳಿತಿತ್ತು. ನಾವು ಅವರಿಗೆ ಎರಡನೇ ಕಂಬಳಿ ಕೊಟ್ಟು ಬಂದೆವು. ಯಾರೂ ಕೇಳಲೇ ಇಲ್ಲ, ಅಲ್ವಾ?

ಈಗ ಒಂದು ಸಣ್ಣ ತುರ್ತು ನಿಧಿ ಇಟ್ಟಿದ್ದೇವೆ. ಒಟ್ಟು ಬಜೆಟ್ಟಿನಲ್ಲಿ ಚಿಕ್ಕ ಪಾಲು. ಇಬ್ಬರು ಒಪ್ಪಿದರೆ ಸಾಕು, ಎರಡು ದಿನದಲ್ಲಿ ದುಡ್ಡು ಹೋಗಬೇಕು. ತಿಂಗಳ ಸಭೆಯವರೆಗೆ ಕಾಯುವುದಿಲ್ಲ, ಯಾಕೆಂದರೆ ಮನೆ ಖಾಲಿ ಮಾಡು ಎನ್ನುವ ಮಾಲೀಕ ನಮ್ಮ ಸಭೆಗಾಗಿ ಕಾಯುವುದಿಲ್ಲ. ಬಾಡಿಗೆ, ಔಷಧಿ, ಬಸ್ ಪಾಸು, ಕನ್ನಡಕ, ಇಂಥವಕ್ಕೆ ಆ ಮನೆಯವರು ಹೇಗೆ ಹೇಳುತ್ತಾರೋ ಹಾಗೆ: ಕೆಲವರು "ನೀವೇ ನೇರವಾಗಿ ಕಟ್ಟಿಬಿಡಿ" ಎನ್ನುತ್ತಾರೆ, ಕೆಲವರು "ನಮ್ಮ ಕೈಗೆ ಕೊಡಿ, ಮಾಲೀಕನಿಗೆ ಗೊತ್ತಾಗುವುದು ಬೇಡ" ಎನ್ನುತ್ತಾರೆ. ಎರಡೂ ಸರಿ. ಸಾಲವಾಗಿ ಮಾತ್ರ ಕೊಡುವುದಿಲ್ಲ. ಟ್ರಸ್ಟಿಗೆ ಸಾಲಗಾರರಾದ ಅಪ್ಪ ಅಮ್ಮ ಪೋಷಕರ ಸಭೆಗೆ ಬರುವುದನ್ನೇ ನಿಲ್ಲಿಸುತ್ತಾರೆ, ಇದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಷರತ್ತಿನ ಬಗ್ಗೆಯೂ ನಮ್ಮಲ್ಲಿ ತುಂಬ ಚರ್ಚೆ ಆಗಿತ್ತು. ಮಗು ಇಷ್ಟು ದಿನ ಬಂದರೆ ಮಾತ್ರ ನೆರವು ಎಂದು ಬರೆಯೋಣ ಎಂದಿದ್ದೆವು. ಮೆಕ್ಸಿಕೋದಲ್ಲಿ 1997ರಲ್ಲಿ ಸರ್ಕಾರ ಶುರು ಮಾಡಿದ ಪ್ರೊಗ್ರೇಸಾ ಯೋಜನೆ ಹಾಗೇ ಇತ್ತು, ಹಾಜರಿ ಇದ್ದರೆ ತಾಯಿಯ ಕೈಗೆ ದುಡ್ಡು. ಅದು ಚೆನ್ನಾಗಿಯೇ ನಡೆಯಿತು, ಮಕ್ಕಳು ಶಾಲೆಯಲ್ಲಿ ಉಳಿದರು. ಆದರೆ ಆಮೇಲೆ ಮೊರಾಕೊದಲ್ಲಿ ತಯ್ಸೀರ್ ಎಂಬ ಯೋಜನೆಯಲ್ಲಿ ಎರಡು ರೀತಿಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಕೆಲವು ಊರುಗಳಲ್ಲಿ ಹಾಜರಿಯ ಷರತ್ತು, ಕೆಲವು ಕಡೆ ಷರತ್ತಿಲ್ಲ, ಸುಮ್ನೆ "ಇದು ಮಕ್ಕಳ ಓದಿಗೆ" ಎಂದು ಹೇಳಿ ಕೊಡುವುದು. ಷರತ್ತಿಲ್ಲದ ಕಡೆ ಫಲಿತಾಂಶ ಏನೂ ಕಡಿಮೆ ಇರಲಿಲ್ಲ. ಆ ವರದಿ ಬಂದದ್ದು 2015ರಲ್ಲಿ. ಅದನ್ನು ಓದಿದ ಮೇಲೆ ನಾವು ಷರತ್ತು ತೆಗೆದು ಹಾಕಿದೆವು. ಯೋಚಿಸಿ ನೋಡಿ, ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುವ ಹುಡುಗಿಗೆ ಹಾಜರಿಯ ಷರತ್ತು ಹಾಕಿದರೆ, ಯಾವ ಮನೆಗೆ ಜಾಸ್ತಿ ಬೇಕೋ ಅದೇ ಮನೆಗೆ ನೆರವು ನಿಂತುಹೋಗುತ್ತದೆ.

ನಲವತ್ತು ಮನೆ ಬಂದರೆ ಎಂಬ ಭಯ ನಮಗೂ ಇತ್ತು. ನಲವತ್ತು ಬರಲಿಲ್ಲ. ಬಂದ ಮನೆಗಳಲ್ಲಿ ಎಷ್ಟೋ ಜನಕ್ಕೆ ಒಂದೇ ಸಲದ ನೆರವು ಸಾಕಾಯಿತು. ಉಳಿದವರ ಜೊತೆ ಮೂರು ತಿಂಗಳಿಗೊಮ್ಮೆ ಕುಳಿತು ಮಾತಾಡುತ್ತೇವೆ. ಇಲ್ಲ ಎನ್ನಬೇಕಾದಾಗ ಬೇಗ ಇಲ್ಲ ಎನ್ನುತ್ತೇವೆ, ಎಳೆದಾಡುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಯುವುದಿಲ್ಲ, ಪ್ರತಿ ಮನೆಗೆ ಒಂದು ನಂಬರು. ಹೆಸರಿನ ಪಟ್ಟಿ ಒಬ್ಬರ ಬಳಿ ಮಾತ್ರ, ಬೀಗ ಹಾಕಿದ ಬೀರುವಿನಲ್ಲಿ.

---

ಹೆಸರು ಬೇಡ:

ನಾನು ಇದರ ಇನ್ನೊಂದು ಕಡೆಯವಳು. ನೆರವು ತೆಗೆದುಕೊಂಡವಳು. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬ್ಯಾಗಿನ ವಿಷಯ ಓದಿ ತಡೆಯಲಾಗಲಿಲ್ಲ.

ನನ್ನ ಗಂಡ ತೀರಿಕೊಂಡ ವರ್ಷ ಒಂದು ಸಂಸ್ಥೆಯವರು ಮಗನಿಗೆ ನೆರವು ಕೊಟ್ಟರು. ಅವರು ಕೆಟ್ಟವರಲ್ಲ, ಅವರ ಋಣ ನನ್ನ ಮೇಲಿದೆ. ಆದರೆ ಮೊದಲು ಅರ್ಜಿ, ಅದರಲ್ಲಿ ಕಷ್ಟ ಬರೆಯಬೇಕು. ಆಮೇಲೆ ಒಬ್ಬರು ಬಂದು ಅದನ್ನೇ ಕೇಳಿದರು. ಇನ್ನೊಬ್ಬರು ಫೋನಿನಲ್ಲಿ ಅದನ್ನೇ ಕೇಳಿದರು. ಕೊನೆಗೆ ಒಂದು ಕಾರ್ಯಕ್ರಮದಲ್ಲಿ ಮಗನನ್ನು ವೇದಿಕೆಗೆ ಕರೆದು, "ತಂದೆಯಿಲ್ಲದ ಈ ಮಗುವಿಗೆ" ಎಂದು ಮೈಕಿನಲ್ಲಿ ಹೇಳಿ, ಫೋಟೋ ತೆಗೆದರು. ಅವನ ಗೆಳೆಯರೆಲ್ಲ ಮುಂದೆ ಕುಳಿತಿದ್ದರು. ಒಂಬತ್ತು ವರ್ಷದ ಹುಡುಗ, ಮನೆಗೆ ಬಂದು "ಅಮ್ಮ, ಅವರು ಕೊಟ್ಟ ಶೂ ನನಗೆ ಬೇಡ" ಎಂದ. ಹಳೆಯ ಚಪ್ಪಲಿಯಲ್ಲೇ ವರ್ಷ ಕಳೆದ.

ಆಮೇಲೆ ಶಾಲೆ ಬದಲಾಯಿತು. ಅಲ್ಲಿನ ಟ್ರಸ್ಟಿನಿಂದ ಒಬ್ಬ ಅಕ್ಕ ಬರುತ್ತಿದ್ದರು. ಮೊದಲ ದಿನ ಅವರು ಕೇಳಿದ್ದು ಒಂದೇ ಮಾತು: "ಈಗ ನಿಮಗೆ ದಿನದಲ್ಲಿ ಯಾವ ಹೊತ್ತು ತುಂಬ ಕಷ್ಟ ಆಗುತ್ತದೆ?" ನನ್ನ ಸಂಬಳ ಎಷ್ಟು ಎಂದು ಕೇಳಲಿಲ್ಲ. ನಾನು ಹೇಳಿದೆ, ಸಂಜೆ. ನನ್ನ ಕೆಲಸ ಏಳಕ್ಕೆ ಮುಗಿಯುತ್ತಿತ್ತು, ಮಗ ನಾಲ್ಕಕ್ಕೇ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕುಳಿತಿರುತ್ತಿದ್ದ. ಅವರು ಶಾಲೆಯ ಒಂದು ಕೋಣೆಯನ್ನು ಏಳರವರೆಗೆ ತೆರೆದಿಡುವ ಹಾಗೆ ಮಾಡಿದರು. ನನ್ನ ಮಗನ ಹಾಗೇ ಹನ್ನೊಂದು ಮಕ್ಕಳಿದ್ದರು ಎಂದು ಆಮೇಲೆ ಗೊತ್ತಾಯಿತು. ದುಡ್ಡು ಎನ್ನುವಂಥದ್ದು ಏನೂ ಕೈ ಬದಲಾಗಲಿಲ್ಲ, ಆದರೆ ನಾನು ಕೆಲಸದ ಜಾಗದಲ್ಲಿ ಗಡಿಯಾರ ನೋಡುತ್ತ ಅಳುವುದು ನಿಂತಿತು.

ವಿಧವಾ ಪಿಂಚಣಿಗೆ ಅರ್ಜಿ ಹಾಕಬಹುದು ಎಂದು ನನಗೆ ಹೇಳಿದವರೂ ಅವರೇ. ಹೇಳಿ ಸುಮ್ಮನಾಗಲಿಲ್ಲ. ಮೂರು ಸಲ ನನ್ನ ಜೊತೆ ಕಚೇರಿಗೆ ಬಂದು ಸಾಲಿನಲ್ಲಿ ನಿಂತರು. ಮರಣ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಅದನ್ನು ಸರಿ ಮಾಡಿಸಲು ಹೇಗೆ ಬರೆಯಬೇಕು ಎಂದು ಕುಳಿತು ಬರೆದುಕೊಟ್ಟರು. ನೀವು ಯಾವ ನೆರವು ಕೊಡಲಿ ಬಿಡಲಿ, ಇದನ್ನು ಮಾತ್ರ ಮಾಡಿ. ನಮ್ಮಂಥವರಿಗೆ ಸಿಗಬೇಕಾದ್ದು ಎಷ್ಟೋ ಇರುತ್ತದೆ, ಅದು ಒಂದು ಕಾಗದದಲ್ಲಿ ಸಿಕ್ಕಿಕೊಂಡಿರುತ್ತದೆ.

ಈಗ ವರ್ಷದ ಶುರುವಿನಲ್ಲಿ ಹಳೆಯ ಯೂನಿಫಾರ್ಮು ವಿಂಗಡಿಸುವ ಕೆಲಸ ನಾನೇ ಮಾಡುತ್ತೇನೆ. ಗುಂಡಿ ಹಾಕುತ್ತೇನೆ, ಇಸ್ತ್ರಿ ಮಾಡುತ್ತೇನೆ. ಅದನ್ನು ಎಲ್ಲ ಮಕ್ಕಳಿಗೂ ಇಡುತ್ತೇವೆ, ಬೇಕಾದವರು ಬಂದು ಅಳತೆ ನೋಡಿ ತೆಗೆದುಕೊಂಡು ಹೋಗುತ್ತಾರೆ. ಯಾರು ಕೊಳ್ಳಲಾಗದೆ ಬಂದವರು, ಯಾರು ಸುಮ್ನೆ ಬಂದವರು ಎಂದು ಯಾರಿಗೂ ಗೊತ್ತಾಗುವುದಿಲ್ಲ.

---

ದಾರಿ ದೀಪ:

ಎಲ್ಲರ ಮಾತೂ ಓದಿದೆ, ಮನಸ್ಸು ಭಾರವಾಯಿತು. ಆದರೂ ನನ್ನ ಅಭಿಪ್ರಾಯ ಬೇರೆ. ಬಾಡಿಗೆ, ಔಷಧಿ, ಪಿಂಚಣಿ ಇವೆಲ್ಲ ಸರ್ಕಾರ ನೋಡಬೇಕಾದದ್ದು. ಏಳೆಂಟು ಜನರ ಟ್ರಸ್ಟು ಇದನ್ನು ತಲೆ ಮೇಲೆ ಹಾಕಿಕೊಂಡರೆ ಎರಡು ವರ್ಷದಲ್ಲಿ ಸುಸ್ತಾಗಿ ಮುಚ್ಚಿಹೋಗುತ್ತದೆ. ಆಗ ಫೀಸು ಪುಸ್ತಕವೂ ಇಲ್ಲ. ಮಾಡುವುದನ್ನೇ ಚೆನ್ನಾಗಿ ಮಾಡಿ ಎಂಬುದು ನನ್ನ ಮಾತು.

---

ನೆರೆಹೊರೆ:

ನಾನು ಸಮಾಜ ಕಾರ್ಯ ಓದಿ, ಹಲವು ಶಾಲೆಗಳ ಜೊತೆ ಕೆಲಸ ಮಾಡಿದವಳು. ದಾರಿ ದೀಪ ಅವರು ಹೇಳಿದ್ದರಲ್ಲಿ ಸುಸ್ತಾಗುವ ಮಾತು ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಸರ್ಕಾರ ಮಾಡಲಿ ಎಂದು ಬಿಟ್ಟರೆ ಸರ್ಕಾರಕ್ಕೆ ಗೊತ್ತಾಗುವುದಾದರೂ ಹೇಗೆ? ಇಂಗ್ಲೆಂಡಿನಲ್ಲಿ ಹಸಿದ ಮಕ್ಕಳಿಗೆ ಶಾಲೆಯಲ್ಲಿ ಮೊದಲು ಊಟ ಹಾಕಿದ್ದು ದಾನಿಗಳ ಸಂಘಗಳೇ. ವರ್ಷಗಟ್ಟಲೆ ಅವರು ಮಾಡಿ ತೋರಿಸಿದ ಮೇಲೆ 1906ರ ಕಾಯ್ದೆ ಸ್ಥಳೀಯ ಆಡಳಿತಕ್ಕೆ ಆ ಕೆಲಸ ಮಾಡಲು ಅವಕಾಶ ಕೊಟ್ಟಿತು. 1907ರಲ್ಲಿ ಶಾಲಾ ಮಕ್ಕಳ ಆರೋಗ್ಯ ತಪಾಸಣೆ ಕಾನೂನಾಯಿತು. ಸಣ್ಣವರು ಮೊದಲು ಮಾಡಿ ತೋರಿಸಿದ್ದರಿಂದಲೇ ದೊಡ್ಡವರ ಮೇಲೆ ಒತ್ತಡ ಬಿತ್ತು.

ಬಡತನ ಮನೆಯವರ ತಲೆಯನ್ನು ಹೇಗೆ ತುಂಬಿಬಿಡುತ್ತದೆ ಎಂಬುದೂ ಟ್ರಸ್ಟಿನವರಿಗೆ ಗೊತ್ತಿರಬೇಕು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದೇ ರೈತರು, ಕಟಾವಿಗೆ ಮೊದಲು ಕೈಯಲ್ಲಿ ದುಡ್ಡಿಲ್ಲದಾಗ ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ಕಟಾವಾಗಿ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ. ಹಾಗಾಗಿ ಅಮ್ಮ ಪೋಷಕರ ಸಭೆ ಮರೆತರು, ಫಾರಂ ತರಲಿಲ್ಲ, ಸಹಿ ಹಾಕಿಸಲಿಲ್ಲ ಎಂದಾಗ "ಇವರಿಗೆ ಕಾಳಜಿ ಇಲ್ಲ" ಎನ್ನಬೇಡಿ. ಒಂದು ಫಾರಂ ಕಡಿಮೆ ಮಾಡಿದರೆ ಅದೂ ಒಂದು ನೆರವೇ.

ಅಮೆರಿಕದ ನ್ಯೂ ಹೇವನ್‌ನಲ್ಲಿ 1968ರಲ್ಲಿ ಜೇಮ್ಸ್ ಕೋಮರ್ ಎಂಬ ಮಕ್ಕಳ ಮನೋವೈದ್ಯರು ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಶುರು ಮಾಡಿದರು. ಶಾಲೆ ನಡೆಸುವ ತಂಡದಲ್ಲಿ ಶಿಕ್ಷಕರ ಜೊತೆ ಅಪ್ಪ ಅಮ್ಮಂದಿರನ್ನೂ ಕೂರಿಸಿದರು. ಅವರ ಒಂದು ನಿಯಮ ನನಗೆ ತುಂಬ ಇಷ್ಟ: ತಪ್ಪು ಯಾರದು ಎಂದು ಹುಡುಕುವುದು ಬೇಡ, ಏನು ಮಾಡೋಣ ಎಂದು ಮಾತ್ರ ಮಾತಾಡೋಣ. ನಿಮ್ಮ ಏಳೆಂಟು ಜನರಲ್ಲಿ ಒಮ್ಮೆ ನೆರವು ಪಡೆದ ತಾಯಿ ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಇಬ್ಬರನ್ನಾದರೂ ಕರೆಯಿರಿ. ಮೇಲೆ ಬರೆದ ಅಕ್ಕನಂಥವರು ಸಭೆಯಲ್ಲಿದ್ದಿದ್ದರೆ ಎರಡನೇ ಕಂಬಳಿ ಹೋಗುತ್ತಿರಲಿಲ್ಲ.

ಎಚ್ಚರಿಕೆಯ ಮಾತೂ ಹೇಳಬೇಕು. ಮನೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಮೇಷ್ಟ್ರು ಹೇಳಿದ ಒಂದೇ ಮುಖ ಸರಿ, ಜೊತೆಗೆ ಇನ್ನೊಂದು ಮುಖವೂ ಪ್ರತಿ ಸಲ ಅದೇ ಇರಲಿ. ಹೇಳಿಯೇ ಹೋಗಿ, ದಿಢೀರ್ ಎಂದು ಬೇಡ. ಮನೆಯಲ್ಲಿ ಹೊಡೆತ ಬಡಿತ ಇದೆ, ಮಗುವಿಗೆ ಅಪಾಯ ಇದೆ ಎಂದು ಕಂಡರೆ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದ ರಾಜಿ ಆ ಮಗುವಿಗೆ ಇನ್ನೂ ಅಪಾಯ ತಂದದ್ದನ್ನು ನೋಡಿದ್ದೇನೆ. ಮಕ್ಕಳ ರಕ್ಷಣೆಗೆ ಎಂದೇ ಇರುವವರಿಗೆ ಅವತ್ತೇ ತಿಳಿಸಿ. ಕುಡಿತ, ಮಾನಸಿಕ ಕಾಯಿಲೆ, ದೊಡ್ಡ ಸಾಲ ಇವೂ ಹಾಗೇ. ಯಾರ ಬಳಿ ಕಳಿಸಬೇಕು ಎಂಬ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ, ಹೆಸರು, ಫೋನ್ ನಂಬರ್, ಯಾವ ದಿನ ಸಿಗುತ್ತಾರೆ ಎಲ್ಲ ಸೇರಿಸಿ, ಪ್ರತಿ ನಂಬರಿಗೂ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಕಷ್ಟದಲ್ಲಿದ್ದವರಿಗೆ ಸತ್ತ ನಂಬರು ಕೊಡುವುದಕ್ಕಿಂತ ಕೊಡದಿರುವುದು ಮೇಲು.

ಸುಸ್ತಿನ ಪ್ರಶ್ನೆಗೆ: ಮೊದಲ ವರ್ಷ ಐದು ಮನೆ ಸಾಕು. ಐದು ಮನೆಯನ್ನು ವರ್ಷಪೂರ್ತಿ ಬಿಡದೆ ನೋಡಿಕೊಳ್ಳಿ.

---

ದಾರಿ ದೀಪ:

ಐದು ಮನೆ ಎಂದರೆ ಒಪ್ಪುತ್ತೇನೆ. ನನ್ನ ಮನಸ್ಸಿನಲ್ಲಿ ಇಡೀ ಶಾಲೆ ಇತ್ತು. ಮುಂಜಾವು ಅವರೇ, ಆ ಫೋನ್ ನಂಬರ್ ಪಟ್ಟಿ ಮಾಡುವ ಕೆಲಸಕ್ಕೆ ಯಾರಾದರೂ ಬೇಕಿದ್ದರೆ ನಾನು ಕುಳಿತು ಮಾಡಿಕೊಡುತ್ತೇನೆ. ನನಗೆ ಮನೆಮನೆಗೆ ಹೋಗುವ ಧೈರ್ಯ ಇಲ್ಲ, ಫೋನ್ ಮಾಡಿ ವಿಚಾರಿಸುವ ತಾಳ್ಮೆ ಇದೆ.

---

ಮುಂಜಾವು:

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ನಿನ್ನೆ ಸಭೆ ಸೇರಿದ್ದೆವು, ಇದನ್ನು ಮೊದಲಿಂದ ಓದಿ ಹೇಳಿದೆ. ಗೇಟಿನವರೆಗೆ ಮಾತ್ರ ಎಂದಿದ್ದವರೇ ತುರ್ತು ನಿಧಿಗೆ ಮೊದಲು ಒಪ್ಪಿದರು. ಸಭೆಗೆ ಇಬ್ಬರು ತಾಯಂದಿರನ್ನು ಕರೆಯುವುದು ಎಂದಾಯಿತು. ವೇದಿಕೆಯ ಮೇಲೆ ಕೊಡುವ ಕಾರ್ಯಕ್ರಮ ನಾವೂ ಪ್ರತಿ ವರ್ಷ ಮಾಡುತ್ತಿದ್ದೆವು. ಅದನ್ನು ನಿಲ್ಲಿಸಿದ್ದೇವೆ. ನನ್ನ ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ನೋಡಿದೆ, ಒಂದು ಮಗುವೂ ಕ್ಯಾಮೆರಾ ನೋಡುತ್ತಿಲ್ಲ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ದಾರಿ ದೀಪ ಅವರೇ, ಪಟ್ಟಿಯ ಕೆಲಸ ನಿಮ್ಮದೇ. ನಾಳೆ ಮೆಸೇಜ್ ಮಾಡುತ್ತೇನೆ.

ಶನಿವಾರ ಆ ಹುಡುಗಿಯ ಮನೆಗೆ ಹೋಗುತ್ತಿದ್ದೇವೆ, ಇಬ್ಬರು. ಪಕ್ಕದ ಮನೆಯ ಫೋನಿಗೆ ಹೇಳಿ ಕಳಿಸಿದ್ದೇನೆ. ಬಾಡಿಗೆಯದು ಒಪ್ಪಿಗೆಯಾಗಿದೆ. ತಮ್ಮನನ್ನು ಹಗಲು ಹೊತ್ತು ನೋಡಿಕೊಳ್ಳಲು ಹತ್ತಿರದಲ್ಲಿ ಒಂದು ಜಾಗ ಇದೆ ಎಂದು ಗೊತ್ತಾಗಿದೆ, ಆದರೆ ಅದು ಅವರಿಗೆ ಬೇಕಾ ಎಂದು ಮೊದಲು ಕೇಳುತ್ತೇನೆ. 'ಹೆಸರು ಬೇಡ' ಅಕ್ಕ, ನಿಮ್ಮನ್ನೊಂದು ಕೇಳಲೇ? ಆ ಬ್ಯಾಗಿನ ವಿಷಯ ಏನು ಹೇಳಲಿ? ವಾಪಸ್ ಕೇಳಲು ಬಂದಿರಲಿಲ್ಲ ಎಂದು ಬಿಡಿಸಿ ಹೇಳಬೇಕಾ, ಅಥವಾ ಆ ಮಾತೇ ಎತ್ತಬಾರದಾ?

---

ಹೆಸರು ಬೇಡ:

ಬಿಡಿಸಿ ಹೇಳಿದರೆ ಅವರಿಗೆ ಇನ್ನೂ ನಾಚಿಕೆ ಆಗುತ್ತದೆ. ಹೋಗುವಾಗ ಅಳಿಸಿ ಹೋಗದ ಒಂದು ಮಾರ್ಕರ್ ಪೆನ್ನು ತೆಗೆದುಕೊಂಡು ಹೋಗಿ. ಬ್ಯಾಗಿನ ಮೇಲೆ ದೊಡ್ಡದಾಗಿ ಹೆಸರು ಬರೆಯಮ್ಮ ಎಂದು ಹುಡುಗಿಯ ಕೈಗೇ ಕೊಡಿ. ಅಮ್ಮ ನೋಡುತ್ತಿರುವಾಗಲೇ ಬರೆಯಲಿ.